ಬೆನ್ನಿಗೊಂದು ತೂತು

ಕಸ್ತೂರಿಬಾಯಿಗೆ ಆ ತೂತು ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಮಾತ್ರ ಸಿಗುತ್ತಿತ್ತು. ಬೆನ್ನಿನ ಎಡಗಡೆ, ಪಕ್ಕೆಲುಬಿನ ಕೆಳಗೆ ಒಂದು ಪಟ್ಟಿ, ಪಟ್ಟಿಯ ನಡುವೆ ಹೆಸರುಕಾಳಿನಷ್ಟು ಒದ್ದೆ. ಆಸ್ಪತ್ರೆಯಿಂದ ಶರಣಸಿರಸಗಿಯ ಹೊಸ ಲೇಔಟಿನ ಮಗನ ಮನೆಗೆ ಬಂದಾಗಿನಿಂದ ಕೂತಲ್ಲಿ ನಿಂತಲ್ಲಿ ಅವಳ ಎಡಗೈ ಅಲ್ಲಿಗೇ ಹೋಗುತ್ತಿತ್ತು.

"ಅತ್ತೀ, ಕೈ ಹಚ್ಚಬ್ಯಾಡ್ರಿ. ಕೀವು ಆಗ್ತದ," ಅಂದಳು ಸೊಸೆ ಶೀಲಾ. ಶಾಲೆಗೆ ಹೊರಟವಳು ಒಂದು ಕೈಯಲ್ಲಿ ಸೆರಗಿನ ಪಿನ್ನು, ಇನ್ನೊಂದರಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದಳು.

"ಇಷ್ಟೇ ತೂತಿನಾಗ ಕಲ್ಲು ಹ್ಯಾಂಗ ಬಂತು?"

"ಪುಡಿ ಮಾಡಿ ತಗದಾರಲ್ರೀ. ಡಾಕ್ಟರ್ ಹೇಳಿದ್ರಲ್ಲ, ಸಣ್ಣ ದುರ್ಬೀನು ಒಳಗ ಬಿಟ್ಟು, ಲೇಸರ್ ಹಚ್ಚಿ ಒಡೀತಾರ ಅಂತ."

"ಆ ಪುಡಿ ಎಲ್ಲದ?"

"ಟೆಸ್ಟಿಗೆ ಕಳಿಸ್ಯಾರ. ನೀರು ಕುಡೀರಿ."

"ಪುಡಿ ಯಾರು ನೋಡ್ಯಾರ?"

ಶೀಲಾ ಚೊಂಬನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಹೋದಳು. ಉತ್ತರ ಬರಲಿಲ್ಲವೆಂಬುದನ್ನು ಕಸ್ತೂರಿಬಾಯಿ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು.

ಅವಳ ಸಂಸಾರ ಎರಡು ಕಡೆ ಹರಡಿಕೊಂಡಿತ್ತು. ಗಂಡ ಕಲ್ಯಾಣಪ್ಪ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಬಿಟ್ಟು ಅಲ್ಲಾಡುವವನಲ್ಲ. ಮಗ ಅರುಣಕುಮಾರ ಪಟ್ಟಣದ ಬಸ್ ಡಿಪೋದ ಆಫೀಸಿನಲ್ಲಿ ಗುಮಾಸ್ತ. ಸೊಸೆ ಅಲ್ಲಿನ ಐವಾನ್-ಎ-ಶಾಹಿ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಕಿಡ್ನಿಯ ಕಲ್ಲಿನ ನೋವು ಎದ್ದು ಕಸ್ತೂರಿಬಾಯಿ ನೆಲದ ಮೇಲೆ ಹೊರಳಾಡಿದ ದಿನ ಮಗ ಕಾರು ಮಾಡಿಕೊಂಡು ಬಂದು ಅವಳನ್ನು ಪಟ್ಟಣಕ್ಕೆ ತಂದಿದ್ದ. ಯಾವ ಆಸ್ಪತ್ರೆ ಎಂದು ಹೇಳಿದವಳು ಶೀಲಾ. ಆ ಆಸ್ಪತ್ರೆ ಅವಳಿಗೆ ಚೆನ್ನಾಗಿ ಗೊತ್ತು. ಅವಳ ತಮ್ಮ ದತ್ತಪ್ಪ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ ಅಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ.

ಆಗ ಇದರಲ್ಲೇನೂ ಕೊಂಕು ಕಂಡಿರಲಿಲ್ಲ. ಕೊಂಕು ಕಂಡದ್ದು ಚಾಂದಬಿ ಬಂದು ಹೋದ ಮೇಲೆ.

ಚಾಂದಬಿ ಕಮಲಾಪುರದ ಬಳೆಗಾರ್ತಿ, ಕಸ್ತೂರಿಬಾಯಿಯ ನೆರೆಮನೆಯವಳು. ಅವಳಿಗೂ ಹಿಂದೊಮ್ಮೆ ಕಲ್ಲಾಗಿತ್ತು, ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ತೆಗೆದಿದ್ದರು. ಪಕ್ಕೆಯಿಂದ ಹೊಟ್ಟೆಯವರೆಗೆ ಗೇಣುದ್ದದ ಹೊಲಿಗೆಯ ಗುರುತು. ಬಳೆ ತೊಡಿಸಿಕೊಳ್ಳಲು ಬಂದ ಹೆಂಗಸರಿಗೆಲ್ಲ ಅದನ್ನು ತೋರಿಸುವಳು. ಕಲ್ಲನ್ನು ಬಾಮಿನ ಖಾಲಿ ಬಾಟಲಿಯಲ್ಲಿ ಹಾಕಿ ಷೋಕೇಸಿನಲ್ಲಿ, ಮೆಕ್ಕಾದ ಚಿತ್ರದ ಕೆಳಗೆ ಇಟ್ಟಿದ್ದಳು. ಊರಲ್ಲಿ ಕಲ್ಲು ತೆಗೆಸಿಕೊಂಡವರ ರೀತಿಯೇ ಅದು. ಹೊಲಿಗೆ ತೋರಿಸಬೇಕು, ಬಾಟಲಿ ಅಲ್ಲಾಡಿಸಬೇಕು. ಬಂದವರು ಕಲ್ಲನ್ನು ಬೆಳಕಿಗೆ ಹಿಡಿದು ನೋಡಿ, ಹುಣಸಿಬೀಜದಷ್ಟದ, ಅಡಿಕಿಯಷ್ಟದ ಎಂದು ಹೇಳಿ ಚಹಾ ಕುಡಿದು ಹೋಗಬೇಕು.

"ತೋರ್ಸು ನಿಂದು," ಅಂದಳು ಚಾಂದಬಿ, ಬಳೆಯ ಬುಟ್ಟಿ ಇಳಿಸಿ.

ಕಸ್ತೂರಿಬಾಯಿ ಬೆನ್ನು ತಿರುಗಿಸಿದಳು. ಚಾಂದಬಿ ಪಟ್ಟಿಯ ಅಂಚು ಎತ್ತಿ ಬಗ್ಗಿ ನೋಡಿದಳು.

"ಇಷ್ಟೇನಾ?"

"ಇಷ್ಟೇ."

"ಕಲ್ಲು?"

"ಕೊಟ್ಟಿಲ್ಲ."

ಚಾಂದಬಿ ಪಟ್ಟಿ ಒತ್ತಿ ಅಂಟಿಸಿದಳು. "ಇಷ್ಟ್ ತೂತಿನಾಗ ಕಲ್ಲು ಬರಂಗಿಲ್ಲ, ಕಸ್ತೂರಿ. ಏನರ ಮೆತ್ತಂದ ಇದ್ರ ಬರ್ತದ ನೋಡು," ಎಂದು ಹೊಟ್ಟೆ ಕುಲುಕಿಸಿ ನಕ್ಕಳು. ನಕ್ಕು, ರೊಟ್ಟಿಗೆಂದು ಶೇಂಗಾ ಹಿಂಡಿ ಕಟ್ಟಿಸಿಕೊಂಡು, ಬುಟ್ಟಿ ಹೊತ್ತು ಬಸ್ಸಿಗೆ ಹೋದಳು.

ಕಸ್ತೂರಿಬಾಯಿ ನಗಲಿಲ್ಲ. ಮೆತ್ತಗಿನದು ಏನಿದ್ದೀತು ಎಂದು ಯೋಚಿಸುತ್ತ ಕೂತಳು. ಆಪರೇಷನ್ನಿನ ದಿನದ ಒಂದೊಂದೇ ಸಂಗತಿ ನೆನಪಾಯಿತು. ರಕ್ತ ತೆಗೆದುಕೊಂಡ ನರ್ಸಿಗೆ ಶೀಲಾ ಮೆಲ್ಲಗೆ ಕೇಳಿದ್ದಳು, "ಅತ್ತಿದು ಯಾವ ಗ್ರೂಪ್ ರೀ?" ನರ್ಸ್ ಏನೋ ಹೇಳಿದ್ದಳು. ಶೀಲಾ ಕಿಟಕಿಯ ಹೊರಗೆ ನೋಡಿದ್ದಳು. ಸ್ಟ್ರೆಚರ್ ಮೇಲೆ ಥಿಯೇಟರಿಗೆ ಒಯ್ಯುವಾಗ ಒಂದು ಬಾಗಿಲ ಸಂದಿಯಲ್ಲಿ ದತ್ತಪ್ಪ ಮಲಗಿದ್ದು ಕಂಡಿತ್ತು. ಅದೇ ದಿನ, ಅದೇ ಮಹಡಿ. ಆಮೇಲೆ ಮೂಗಿಗೆ ಏನೋ ಹಿಡಿದರು. ಎಚ್ಚರವಾದಾಗ ಬೆನ್ನಿಗೊಂದು ತೂತು.

ಆ ವಾರವಿಡೀ ಮನೆಯಲ್ಲಿ ನೀರಿನ ಜಗಳ ನಡೆಯಿತು. ಡಾಕ್ಟರು ಅವಳಿಗೆ ನೀರು ಹೆಚ್ಚು ಕುಡಿ, ಪುಂಡಿಪಲ್ಯ ಬಿಡು ಅಂದಿದ್ದರು. ಕುಡಿದಷ್ಟೂ ಮತ್ತೆ ಮತ್ತೆ ಬಚ್ಚಲಿಗೆ ಏಳಬೇಕು, ಹೋದಾಗೆಲ್ಲ ಉರಿ, ಎಡಪಕ್ಕೆಯಲ್ಲಿ ಹಿಡಿದು ಜಗ್ಗಿದಂಥ ನೋವು.

"ಕಲ್ಲು ತಗದ ಮ್ಯಾಲ ನೋವ್ಯಾಕ ಬರ್ತದ?" ಎಂದು ಮಗನನ್ನು ಕೇಳಿದಳು.

ಅರುಣಕುಮಾರ ತಟ್ಟೆಯಿಂದ ತಲೆ ಎತ್ತಲಿಲ್ಲ. "ಸ್ವಲ್ಪ ದಿನ ಇರ್ತದ ಯವ್ವಾ. ನೀ ನೀರು ಕುಡಿ."

"ನಿನ್ನ ಹೇಣ್ತಿನೂ ಅದೇ ಹೇಳ್ತಾಳ. ಇಬ್ರೂ ಕೂಡಿ ಪಾಠ ಮಾಡೀರೇನು?"

ದತ್ತಪ್ಪ ಊಟಕ್ಕೆ ಬಂದ ದಿನ ಅಡುಗೆಮನೆಯಲ್ಲಿ ಎರಡು ಒಲೆ, ಎರಡು ಊಟ. ಅವನ ಪಲ್ಯವನ್ನು ಕುದಿಸಿ ನೀರು ಚೆಲ್ಲಬೇಕು, ಉಪ್ಪು ಹಾಕಬಾರದು, ಬೇಳೆ ಒಂದು ಚಮಚ ಹೆಚ್ಚಾಗಬಾರದು. ನೀರಂತೂ ಗುಟುಕು ಲೆಕ್ಕ. ಒಂದೇ ಸಾಲಿನಲ್ಲಿ ಕೂತ ಇಬ್ಬರಲ್ಲಿ ಒಬ್ಬರಿಗೆ ಶೀಲಾ ಚೊಂಬು ಮುಂದೆ ತಳ್ಳುವಳು, ಇನ್ನೊಬ್ಬರಿಂದ ಲೋಟ ಹಿಂದಕ್ಕೆ ಎಳೆಯುವಳು.

"ಅತ್ತೀ, ನಿಮ್ಮ ಪಾಲಿಂದು ನನಗ ಕೊಡ್ರಿ, ಇಬ್ರದೂ ಸಮಾ ಆಗ್ತದ," ಎಂದು ದತ್ತಪ್ಪ ತಮಾಷೆ ಮಾಡಿದ. ಅವನು ನೀರಿನ ಬಗ್ಗೆ ಆಡಿದ್ದ. ಕಸ್ತೂರಿಬಾಯಿ ತುತ್ತು ನಿಲ್ಲಿಸಿ ಅವನ ಮುಖ ನೋಡಿದಳು. ಎರಡು ವರ್ಷದಿಂದ ಬೂದಿ ಬಣ್ಣದ್ದಾಗಿದ್ದ ಮುಖ ಇವತ್ತು ಸ್ವಲ್ಪ ತಿಳಿಯಾಗಿತ್ತು, ಅಥವಾ ಹಾಗೆ ಕಂಡಿತು.

ಕಮಲಾಪುರದ ಬಾಳೆಹಣ್ಣು ಮನೆಯಲ್ಲಿ ಯಾವಾಗಲೂ ಇರುತ್ತಿತ್ತು, ಕಲ್ಯಾಣಪ್ಪ ಬಸ್ಸಿಗೆ ಹಾಕಿ ಕಳಿಸುತ್ತಿದ್ದ. ದತ್ತಪ್ಪನಿಗೆ ಬಾಳೆಹಣ್ಣು ವಿಷ. ತಿಂದರೆ ಎದೆ ನಿಂತುಹೋಗಬಹುದು ಎಂದು ಡಾಕ್ಟರು ಹೆದರಿಸಿದ್ದರು. ಬಂದಾಗಲೆಲ್ಲ ಒಂದು ಹಣ್ಣು ಎತ್ತಿ, ಮೂಸಿ, "ವಾಸ್ನಿ ಸಾಕ್ರಿ ಅತ್ತಿ," ಎಂದು ತಿರುಗಿ ಇಡುವನು. ಬೀಗರ ಮನೆಯ ಹಣ್ಣು ತಿನ್ನಲಾರದ ಹುಡುಗ ಎಂದೇ ಕಮಲಾಪುರದಲ್ಲಿ ಅವನನ್ನು ಗುರುತು ಹಿಡಿಯುತ್ತಿದ್ದರು.

ಪಟ್ಟಿ ಬದಲಿಸಲು ಆಸ್ಪತ್ರೆಗೆ ಹೋದ ದಿನ ಅರುಣಕುಮಾರ ಅವಳನ್ನು ಆಟೋದಲ್ಲೇ ಕೂರಿಸಿ ಚೀಟಿ ಮಾಡಿಸಲು ಒಳಗೆ ಹೋದ. ಸ್ಕೂಟರುಗಳ ಸಾಲಿನಾಚೆ, ಮೆಟ್ಟಿಲ ಮೇಲೆ ದತ್ತಪ್ಪ ಕೂತಿದ್ದ. ಕೈಯಲ್ಲಿ ಅರ್ಧ ಕೆಂಪು ಬಾಳೆಹಣ್ಣು. ಮೂಸಲಿಲ್ಲ. ಸಿಪ್ಪೆ ಬಿಡಿಸಿ, ಕಣ್ಣು ಮುಚ್ಚಿಕೊಂಡು, ಸಣ್ಣ ಸಣ್ಣ ತುತ್ತಾಗಿ ತಿಂದ.

ಕಸ್ತೂರಿಬಾಯಿಯ ಕೈ ಬೆನ್ನಿಗೆ ಹೋಯಿತು.

ಆ ದಿನದಿಂದ ಅವಳು ಶೀಲಾ ಬಡಿಸಿದ ತಟ್ಟೆ ಮುಟ್ಟಲಿಲ್ಲ. ತಾನೇ ಹಿಟ್ಟು ನಾದಿ, ನೋವಿನಲ್ಲೇ ನಿಂತು ತನ್ನ ಎರಡು ರೊಟ್ಟಿ ತಾನೇ ಬಡಿದಳು. ಶೀಲಾ ಇಟ್ಟ ಚೊಂಬಿನ ನೀರನ್ನು ತುಳಸಿಗೆ ಸುರಿದು, ನಲ್ಲಿಯಿಂದ ತಾನೇ ಹಿಡಿದುಕೊಂಡು ಕುಡಿದಳು. ಅದೂ ಬಾಯಾರಿದಾಗ ಮಾತ್ರ. ಗುಳಿಗೆಗಳನ್ನು ದಿಂಬಿನ ಕೆಳಗೆ ಕೂಡಿಟ್ಟಳು.

ವಾರ ಕಳೆದು ಒಂದು ಸಂಜೆ ಊಟಕ್ಕೆ ಕೂತಾಗ ಅರುಣಕುಮಾರ ಮಾತು ತೆಗೆದ.

"ಯವ್ವಾ, ಸೋಮವಾರ ಒಮ್ಮೆ ಆಸ್ಪತ್ರೆಗೆ ಹೋಗಿ ಬರೋದದ. ಒಳಗ ಒಂದು ಪೈಪ್ ಅದ, ತಗೀತಾರ. ಹತ್ತು ನಿಮಿಷದ್ದು."

"ಯಾವ ಪೈಪು?"

"ಕಿಡ್ನಿಯಿಂದ ಕೆಳಗ ಚೀಲದ ತನಕಾ. ಒಳಗ ಬಾವು ಬಂದ್ರೂ ಮೂತ್ರ ಹರೀಲಿ ಅಂತ ಬಿಟ್ಟಿರ್ತಾರ. ಅದಕ್ಕೇ ನಿನಗ ಉರೀತಿತ್ತು."

"ಇಷ್ಟ್ ದಿನಾ ಯಾಕ ಹೇಳ್ಲಿಲ್ಲ?"

"ನೀ ಅಂಜ್ತಿ ಅಂತ."

ಕಸ್ತೂರಿಬಾಯಿ ತಟ್ಟೆ ಸರಿಸಿದಳು. "ನನ್ನ ಹೊಟ್ಟಿಯಾಗಿಂದು ನನಗ ಹೇಳಂಗಿಲ್ಲ. ಇನ್ನ ಏನೇನ್ ಮುಚ್ಚಿಟ್ಟೀರಿ?"

"ಏನೂ ಇಲ್ಲ ಯವ್ವಾ."

"ಎಡಗಡಿದು ಒಯ್ದೀರಿ. ಈಗ ಬಲಗಡಿದಕ್ಕ ಕರ್ಯಾಕತ್ತೀರಿ."

ಒಲೆಯ ಮುಂದೆ ಶೀಲಾಳ ರೊಟ್ಟಿ ತಟ್ಟುವ ಸಪ್ಪಳ ನಿಂತಿತು. "ಏನಂದ್ರಿ?"

"ನಿನ್ನ ತಮ್ಮ ಬಾಳಿಹಣ್ಣು ತಿಂದ. ನಾ ಕಣ್ಣಾರೆ ನೋಡೀನಿ. ಯಾರ ಕಿಡ್ನಿ ಮ್ಯಾಲ ತಿಂದ ಹೇಳು."

ಶೀಲಾ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಹದಿನೈದು ದಿವಸಕ್ಕೊಮ್ಮೆ, ಮಶೀನ್ ಹಚ್ಚೋಕ್ಕಿಂತ ಮುಂಚೆ, ಅರ್ಧಾ ಹಣ್ಣು ತಿನ್ನು ಅಂದಾರ ಡಾಕ್ಟರ್. ರಕ್ತದ ರಿಪೋರ್ಟ್ ಛಲೋ ಇದ್ರ ಅಷ್ಟೇ. ತಿಂದದ್ದನ್ನ ಮಶೀನೇ ತೊಳದು ಹಾಕ್ತದ. ನಾನೇ ಕೊಟ್ಟು ಕಳಿಸಿದ್ದೆ."

"ನೀನೇ ಕೊಟ್ಟಿ. ಗೊತ್ತದ ನನಗ."

"ಹಣ್ಣು ಅಂದೆ ನಾ."

"ನಾನೂ ಅದೇ ಅಂದೆ."

"ಕಿಡ್ನಿ ಹಾಕಿದ್ರ ಹೊಟ್ಟಿ ಮ್ಯಾಲ ಗೇಣುದ್ದ ಕೊಯ್ದಿರ್ತಾರ್ರೀ. ಅವನ ಅಂಗಿ ಬಿಚ್ಚಿಸಿ ತೋರಿಸ್ಲೇನು?"

"ನನಗ ಎಲ್ಲಿ ಕೊಯ್ದಾರ?" ಅಂದಳು ಕಸ್ತೂರಿಬಾಯಿ. "ಈಗಿನವ್ರು ತೂತಿನಾಗಿಂದ ತಗೀತಾರ, ತೂತಿನಾಗಿಂದ ಹಾಕ್ತಾರ. ನೀನೇ ಹೇಳಿದ್ದಿ, ದುರ್ಬೀನು ಅಂತ."

ತವೆಯ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಸೀರೆಯ ಚೀಲ ಹಿಡಿದು ಕಮಲಾಪುರಕ್ಕೆಂದು ಹುಮನಾಬಾದ್ ಕಡೆಯ ಬಸ್ಸು ಹತ್ತಿದಳು. ಮಗ ಬಸ್ ನಿಲ್ದಾಣದವರೆಗೂ ಹಿಂದೆ ಬಂದು ಬೇಡಿಕೊಂಡ. ಸೊಸೆ ಬಾಗಿಲಿಗೂ ಬರಲಿಲ್ಲ.

ತೋಟದಲ್ಲಿ ಬಾಳೆಬುಡದ ಕಂದು ಕಡಿಯುತ್ತಿದ್ದ ಕಲ್ಯಾಣಪ್ಪ ಎಲ್ಲವನ್ನೂ ಕೇಳಿ, ಕುಡುಗೋಲಿನ ಮಣ್ಣು ಕೆರೆದ. "ನಿನ್ನ ಕಿಡ್ನಿ ತಗೊಂಡು ಯಾರರ ಏನ್ ಮಾಡ್ಬೇಕು? ಕಲ್ಲು ತುಂಬಿದ್ದು."

"ಕಲ್ಲು ತಗದ ಮ್ಯಾಲ ಒಯ್ದಿದ್ರ?"

"ಶೀಲಾ ಹಂಗ ಮಾಡೋಕಿ ಅಲ್ಲ."

"ನಿಮಗೇನ್ ಗೊತ್ತು? ನೀವು ಬಾಳಿಗಿಡದ ಹೊರತು ಯಾರ ಮಾರಿ ನೋಡೀರಿ?"

ಅವನು ಮಾತು ಬೆಳೆಸಲಿಲ್ಲ. ಆದರೆ ಅವಳು ಬೆಳೆಸಿದಳು. ನೀರಿನ ಟಾಕಿಯ ಹತ್ತಿರ, ಗಿರಣಿಯಲ್ಲಿ, ಬೆನ್ನು ತೋರಿಸು ಎಂದವರಿಗೆಲ್ಲ ತೋರಿಸಿ ಹೇಳಿದಳು. ಬಾಟಲಿಯಲ್ಲಿಟ್ಟು ತೋರಿಸಲು ಕಲ್ಲು ಇರಲಿಲ್ಲ, ಆ ಜಾಗದಲ್ಲಿ ಈ ಮಾತು ಇತ್ತು. ಸೋಮವಾರ ಹೋಯಿತು, ಮತ್ತೊಂದು ಸೋಮವಾರವೂ ಹೋಯಿತು. ಮಗನ ಫೋನು ಬಂದರೆ ಕಲ್ಯಾಣಪ್ಪನೇ ಎತ್ತಿ, "ಬರಂಗಿಲ್ಲ ಅಂತಾಳಪ್ಪ," ಎಂದು ಇಡುವನು. ಮಾತು ಊರೂರು ದಾಟಿ ದತ್ತಪ್ಪನ ಕಿವಿಗೂ ಹೋಯಿತು.

ಒಂದು ಮಧ್ಯಾಹ್ನ ಅವನೇ ಬಂದ. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದು ಕಟ್ಟೆಯ ಮೇಲೆ ಕೂತು ಏದುಸಿರು ಬಿಟ್ಟ. ಕಸ್ತೂರಿಬಾಯಿ ರೂಢಿಯಂತೆ ಒಂದು ಚೊಂಬು ನೀರು ತಂದಿಟ್ಟಳು. ಅವನು ಒಂದು ಗುಟುಕು ಬಾಯಿಗೆ ಹಾಕಿ, ಮುಕ್ಕಳಿಸಿ, ಅಂಗಳಕ್ಕೆ ಉಗುಳಿದ. ಆಮೇಲೆ ಅಂಗಿಯ ಎಡತೋಳು ಮೇಲಕ್ಕೆ ಮಡಚಿ ಕೈ ಮುಂದೆ ಚಾಚಿದ. ಚರ್ಮದ ಕೆಳಗೆ ದಪ್ಪ ನರ ಹಗ್ಗದಂತೆ ಉಬ್ಬಿತ್ತು, ಮೇಲೆ ಎರಡು ಹೊಸ ಪಟ್ಟಿ.

"ಕೈ ಇಡ್ರಿ ಅತ್ತಿ."

ಅವಳು ಇಟ್ಟಳು. ಒಳಗೆ ಏನೋ ಜುಂ ಜುಂ ಎನ್ನುತ್ತಿತ್ತು, ಹಿಟ್ಟಿನ ಗಿರಣಿಯ ಗೋಡೆ ಮುಟ್ಟಿದ ಹಾಗೆ. ತಟ್ಟನೆ ಕೈ ತೆಗೆದಳು.

"ಮಶೀನಿಗೆ ನಿನ್ನೆ ಚುಚ್ಚಿದ್ದು. ಎರಡು ದಿನ ಬಿಟ್ಟು ಮತ್ತ ಚುಚ್ಚತಾರ. ಹೊಸಾ ಕಿಡ್ನಿ ಬಂದವ್ರಿಗೆ ಯಾರರ ಹಿಂಗ ಚುಚ್ಚತಾರೇನ್ರಿ?"

ಕಸ್ತೂರಿಬಾಯಿ ಸೆರಗಿಗೆ ಕೈ ಒರೆಸಿಕೊಂಡಳು. "ಹೊಸಾದು ಕೂಡ್ಲಿಕ್ಕೆ ಸ್ವಲ್ಪ ದಿನ ಬೇಕಾಗಬಹುದು."

ದತ್ತಪ್ಪ ತೋಳು ಇಳಿಸಿಕೊಂಡ. "ನಮ್ಮಕ್ಕ ಹೋಗಬ್ಯಾಡ ಅಂದಿದ್ಲು. ನಿಮಗ ಏನ್ ತೋರ್ಸಿದ್ರೂ ಆಗಂಗಿಲ್ಲ ಅಂದಿದ್ಲು. ಖರೇ ಅದ." ಎದ್ದು ಬಸ್ಸಿನ ಕಡೆ ನಡೆದ. ಕಲ್ಯಾಣಪ್ಪ ತೋಟದಿಂದ ಬರುವಷ್ಟರಲ್ಲಿ ಅವನು ತಿರುವು ದಾಟಿದ್ದ. ಗಂಡ ಅವತ್ತು ಅವಳ ಕೈಯ ಚಹಾ ಕುಡಿಯಲಿಲ್ಲ.

ಜ್ವರ ಆ ವಾರವೇ ಬಂತು. ಮೊದಲು ಮೈ ನಡುಕ, ಹಲ್ಲು ಕಟಕಟ, ಮೇಲೆ ನಾಲ್ಕು ಕೌದಿ. ಮೂತ್ರ ಕಲಗಚ್ಚಿನಂತೆ ಬಗ್ಗಡವಾಗಿತ್ತು. ಕೌದಿ ಹೊದಿಸಲು ಬಂದ ಚಾಂದಬಿ ಅವಳ ಎಡಪಕ್ಕೆ ಮುಟ್ಟಿದ್ದೇ ತಡ, ಕಸ್ತೂರಿಬಾಯಿ ಕಿರುಚಿದಳು.

"ಏಳು. ಆಸ್ಪತ್ರಿಗೆ ಹೋಗಾಮು."

"ಆ ಆಸ್ಪತ್ರಿಗೆ ಬರಂಗಿಲ್ಲ."

"ಮೋಮಿನಪುರಾದಾಗ ನಮ್ಮ ತಬಸ್ಸುಮ್ ಕೆಲಸಾ ಮಾಡೋ ಸ್ಕ್ಯಾನಿಂಗ್ ಸೆಂಟರ್ ಅದ. ಅಲ್ಲಿ ನಿನ್ನ ಸೊಸೀನ ಯಾರೂ ಅರಿಯಂಗಿಲ್ಲ. ನಡಿ."

ಕಲ್ಯಾಣಪ್ಪ ಜೀಪು ತಂದ. ಪಟ್ಟಣದ ಮೋಮಿನಪುರದ ಗಲ್ಲಿಯಲ್ಲಿ, ಬಿರಿಯಾನಿ ಹೋಟೆಲಿನ ಮೇಲಿನ ಮಹಡಿಯಲ್ಲಿ ಆ ಸೆಂಟರು. ಚಾಂದಬಿಯ ತಂಗಿಯ ಮಗಳು ತಬಸ್ಸುಮ್ ಸಾಲು ಬಿಡಿಸಿ ಅವರನ್ನು ಮೊದಲು ಒಳಗೆ ಕಳಿಸಿದಳು. ಡಾಕ್ಟರಮ್ಮ ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ, ಪರದೆ ನೋಡುತ್ತ ಉಪಕರಣ ಆಡಿಸಿದಳು.

"ಎಷ್ಟವರೀ?" ಕಸ್ತೂರಿಬಾಯಿ ಕೇಳಿದಳು.

"ಏನು?"

"ಕಿಡ್ನಿ."

"ಎರಡು."

"ಸರಿಯಾಗಿ ನೋಡ್ರಿ."

ಡಾಕ್ಟರಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದಳು. "ಇದು ಬಲಗಡಿದು. ಇದು ಎಡಗಡಿದು. ಕಲ್ಲು ಕಾಣಂಗಿಲ್ಲ. ಈ ಬಿಳಿ ಗೆರಿ ಅದಲ್ಲ, ಅದು ಪೈಪು. ಇಷ್ಟೊತ್ತಿಗೆ ತಗದಿರಬೇಕಿತ್ತು. ಯಾಕ ಬಿಟ್ಟೀರಿ?"

"ಎಡಗಡಿದು ನಂದೇ ಏನ್ರಿ?"

"ಮತ್ತ್ಯಾರದು ಇರ್ತದಮ್ಮಾ?" ಡಾಕ್ಟರಮ್ಮ ಅಂಟು ಒರೆಸಲು ಬಟ್ಟೆ ಕೊಟ್ಟಳು. "ಬಾವು ಬಂದದ, ಸೋಂಕು ಆಗ್ಯದ. ಮನಿಗೆ ಹೋಗಬ್ಯಾಡ್ರಿ. ಆಪರೇಷನ್ ಮಾಡಿದವ್ರ ಹತ್ರ ಈಗಿಂದೀಗ ಹೋಗ್ರಿ. ಇನ್ನ ತಡಾ ಮಾಡಿದ್ರ ಆ ಕಿಡ್ನಿ ಖರೇನ ಹೋಗ್ತದ."

ಹೊರಗೆ ಬೆಂಚಿನ ಮೇಲೆ ಚಾಂದಬಿ ಬುರ್ಖಾದ ಅಂಚು ಹಿಂಡುತ್ತ ಕೂತಿದ್ದಳು. "ನಾ ಅಂದಿದ್ದು ಮಜಾಕ್ ಇತ್ತು, ಕಸ್ತೂರಿ. ಮೆತ್ತಂದು ಅಂತ."

"ನೀ ನಕ್ಕಿದ್ದಿ. ನಾ ನಗಲಿಲ್ಲ," ಅಂದಳು ಕಸ್ತೂರಿಬಾಯಿ. "ನಡಿ, ನನ್ನ ಮಗನಿಗೆ ಫೋನ್ ಹಚ್ಚು."

ಮತ್ತೆ ಅದೇ ಆಸ್ಪತ್ರೆಯಲ್ಲಿ ಸಲೈನು, ಸೂಜಿ, ಜ್ವರ ಇಳಿಯುವ ತನಕ ಕಾಯುವುದು. ಅರುಣಕುಮಾರ ಹಗಲೆಲ್ಲ ಪಕ್ಕದಲ್ಲಿ ಕೂತ. ಶೀಲಾ ಅಂಬಲಿಯ ಡಬ್ಬಿ ತಂದು ಸ್ಟೂಲಿನ ಮೇಲಿಟ್ಟು, ಹಿಂದಿನ ಡಬ್ಬಿ ಎತ್ತಿಕೊಂಡು ಹೋಗುವಳು. "ಕುಡೀರಿ," ಅನ್ನಲಿಲ್ಲ. ಕಸ್ತೂರಿಬಾಯಿ ಮೊದಲ ದಿನ ಡಬ್ಬಿಯನ್ನು ನೋಡುತ್ತ ಕೂತಳು, ಎರಡನೆಯ ದಿನ ಕುಡಿದಳು. ಪೈಪು ಹತ್ತು ನಿಮಿಷವೂ ಹಿಡಿಯದೆ ಹೊರಬಂತು. ತೋರಿಸಿ ಎಂದು ಹಟ ಹಿಡಿದಳು. ನರ್ಸ್ ಇಕ್ಕಳದಲ್ಲಿ ಹಿಡಿದು ತೋರಿಸಿದಳು. ಸೆಣಬಿನ ಹುರಿಯಷ್ಟು ಸಣ್ಣದು, ಎರಡೂ ತುದಿ ಸುರುಳಿ. ಅದು ಕೆಂಪು ಬಕೆಟ್ಟಿಗೆ ಬಿತ್ತು.

ಮನೆಗೆ ಬಿಟ್ಟ ದಿನ ದತ್ತಪ್ಪನ ಮಶೀನಿನ ದಿನವೂ ಆಗಿತ್ತು. ಅರುಣಕುಮಾರ ಬಿಲ್ಲಿನ ಕಿಟಕಿಯಲ್ಲಿ ನಿಂತಿದ್ದ. ಶೀಲಾ ಡಯಾಲಿಸಿಸ್ ಕೋಣೆಯ ಹೊರಗೆ, ಗಾಜಿನ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಕಸ್ತೂರಿಬಾಯಿ ಗೋಡೆ ಹಿಡಿದು ನಡೆದು ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಚೀಲದಲ್ಲಿ ಗಂಡ ಕಳಿಸಿದ ಬಾಳೆಹಣ್ಣುಗಳಿದ್ದವು.

"ಒಂದು ಕೇಳ್ತೀನಿ," ಅಂದಳು.

"ಕೇಳ್ರಿ."

"ಅವತ್ತು ನರ್ಸಿಗೆ ನನ್ನ ರಕ್ತದ ಗ್ರೂಪ್ ಯಾಕ ಕೇಳಿದಿ?"

ಶೀಲಾ ಮಡಿಲಲ್ಲಿದ್ದ ಡಬ್ಬಿಯ ಹಿಡಿಕೆ ಸರಿಮಾಡಿದಳು. "ದತ್ತಪ್ಪಂದು ಓ ಗ್ರೂಪ್. ಅವನಿಗೆ ಓ ಗ್ರೂಪಿಂದೇ ಬೇಕು. ನಂದು ಹೊಂದಂಗಿಲ್ಲ. ನಮ್ಮವ್ವಂದು ಹೊಂದ್ತದ, ಖರೆ ಆಕಿಗೆ ಸಕ್ರಿ ಬ್ಯಾನಿ ಅದ, ಆಗಂಗಿಲ್ಲ ಅಂದ್ರು. ಅದಕ್ಕ ಎಲ್ಲಾರದೂ ಕೇಳ್ತೀನಿ. ಶಾಲಿಯಾಗಿನ ಆಯಾಂದೂ ಕೇಳೀನಿ. ನಿಮ್ಮದೂ ಕೇಳಿದೆ."

"ನಂದು ಯಾವುದು?"

"ಬಿ."

"ಹೊಂದಂಗಿಲ್ಲ."

"ಇಲ್ಲ."

ಒಳಗಿನ ಯಂತ್ರವೊಂದು ಕುಂಯ್ಗುಟ್ಟಿ ಸುಮ್ಮನಾಯಿತು. ಕಸ್ತೂರಿಬಾಯಿ ಗಾಜಿನಾಚೆ ನೋಡಿದಳು. ದತ್ತಪ್ಪ ಮಂಚದ ಮೇಲೆ ಕಾಲು ಇಳಿಬಿಟ್ಟು, ಅಂಗಿಯ ತೋಳು ಮಡಚಿಕೊಂಡು ತನ್ನ ಸರದಿಗೆ ಕಾಯುತ್ತಿದ್ದ.

"ಹೊಂದಿದ್ರ ನನಗ ಕೇಳ್ತಿದ್ದಿ ಏನು?"

"ಕೇಳ್ತಿದ್ದೆ," ಅಂದಳು ಶೀಲಾ. "ಕದೀತಿರಲಿಲ್ಲ. ಕೇಳ್ತಿದ್ದೆ."

"ನಾ ಒಲ್ಲೆ ಅಂತಿದ್ದೆ."

"ಗೊತ್ತದ್ರಿ."

ಕಸ್ತೂರಿಬಾಯಿ ತಲೆಯಾಡಿಸಿದಳು. ಇಷ್ಟು ವಾರಗಳಲ್ಲಿ ಆ ಮನೆಯಲ್ಲಿ ಯಾರಾದರೂ ಕೇಳಿದ್ದಕ್ಕೆ ನೇರವಾಗಿ ಹೇಳಿದ ಉತ್ತರ ಇದೊಂದೇ ಎನ್ನಿಸಿತು. ಚೀಲದಿಂದ ಒಂದು ಹಣ್ಣು ತೆಗೆದು, ಸಿಪ್ಪೆ ಬಿಡಿಸಿ, ನಡುವೆ ಮುರಿದಳು. ಅರ್ಧವನ್ನು ಸೊಸೆಯ ಕಡೆ ಚಾಚಿದಳು.

"ಇನ್ನಾ ಮಶೀನ್ ಹಚ್ಚಿಲ್ಲ. ಕೊಟ್ಟು ಬಾ."

ಶೀಲಾ ತಕ್ಷಣ ತೆಗೆದುಕೊಳ್ಳಲಿಲ್ಲ. ಹಣ್ಣನ್ನೂ ಅತ್ತೆಯ ಮುಖವನ್ನೂ ನೋಡಿದಳು. ಆಮೇಲೆ ತೆಗೆದುಕೊಂಡು ಒಳಗೆ ಹೋದಳು. ಗಾಜಿನಾಚೆ ಅವಳು ನೇರ ತಮ್ಮನ ಹತ್ತಿರ ಹೋಗಲಿಲ್ಲ. ಡಾಕ್ಟರ ಮೇಜಿನ ಹತ್ತಿರ ನಿಂತು, ಅಂಗೈಯಲ್ಲಿ ಹಣ್ಣು ತೋರಿಸಿ ಏನೋ ಕೇಳಿದಳು. ಡಾಕ್ಟರು ರಿಪೋರ್ಟು ನೋಡಿ ಹೂಂ ಎಂದು ತಲೆಯಾಡಿಸಿದರು. ಅದಾದ ಮೇಲೆಯೇ ಹಣ್ಣು ದತ್ತಪ್ಪನ ಕೈಗೆ ಹೋಯಿತು. ಅವನು ಬಾಗಿಲ ಕಡೆ ಒಮ್ಮೆ ನೋಡಿದ. ನಗಲಿಲ್ಲ, ಕೈ ಎತ್ತಲಿಲ್ಲ. ತಿಂದ.

ಕಸ್ತೂರಿಬಾಯಿ ಉಳಿದರ್ಧವನ್ನು ತಾನು ತಿಂದಳು. ಸಿಪ್ಪೆಯನ್ನು ಎಲ್ಲಿ ಎಸೆಯಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು, ಸೊಸೆ ಹೊರಗೆ ಬರುವುದನ್ನು ಕಾಯುತ್ತ ಕೂತಳು.